ಕೆಳಗಿನ ಖಾನೆ

ಪ್ರೊಫೆಸರಿಗೆ ಶುಚಿಯೆಂದರೆ ಪ್ರಾಣ. ಹೆಂಡತಿ ತೊಳೆದಿಟ್ಟ ಲೋಟವನ್ನು ಇನ್ನೊಮ್ಮೆ ತೊಳೆದೇ ನೀರು ಕುಡಿಯುವ ಆಸಾಮಿ. ಲ್ಯಾಬಿನಲ್ಲೂ ಅದೇ ಕತೆ. ಒಂದು ಪ್ರೋಟೀನನ್ನು ಕಿತ್ತುಹಾಕಿದ ಜೀವಕೋಶಗಳ ತಟ್ಟೆಗಳು ಮಾಮೂಲಿ ಕೋಶಗಳ ಪಕ್ಕ ಇರಕೂಡದು, ಬೆರಕೆಯಾದೀತು. ಹಾಗಾಗಿ ಮಾಮೂಲಿಯವು ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನ ಮೇಲಿನ ಖಾನೆಯಲ್ಲಿ, ಇವು ಕೆಳಗೆ, ಬಾಗಿಲ ಬುಡದಲ್ಲಿ.

ಆ ಕೆಳಗಿನ ತಟ್ಟೆಗಳೇ ಅವನಿಗೆ ಹೆಸರು ತಂದುಕೊಟ್ಟಿದ್ದವು. ಇನ್ಸುಲಿನ್ ತಯಾರಿಸುವ ಕೋಶದೊಳಗೆ ವಿಂಗಡಣೆಯ ಜಾಗವೊಂದಿದೆ. ಹೊಸ ಪ್ರೋಟೀನುಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಕೆಲವು ನೆಟ್ಟಗೆ ಹೊರಗೆ ಹೋಗುತ್ತವೆ. ಇನ್ಸುಲಿನ್ ಹಾರ್ಮೋನು ಮಾತ್ರ ಒತ್ತೊತ್ತಾಗಿ ಗಂಟುಕಟ್ಟಿ, ಪುಟ್ಟ ಪೊಟ್ಟಣಗಳಲ್ಲಿ ತುಂಬಿಕೊಂಡು, ರಕ್ತದಲ್ಲಿ ಸಕ್ಕರೆ ಏರುವವರೆಗೆ ಕಾದು ಕೂರುತ್ತದೆ. ತಾನು ಕಿತ್ತುಹಾಕಿದ ಪ್ರೋಟೀನು ಇಲ್ಲದಿದ್ದರೆ ಪೊಟ್ಟಣ ಕಟ್ಟುವುದೇ ಇಲ್ಲ, ಹಾರ್ಮೋನು ವಿಂಗಡಣೆಯ ಜಾಗದಲ್ಲೇ ಸಿಕ್ಕಿಬೀಳುತ್ತದೆ ಎಂದು ಅವನು ತೋರಿಸಿದ್ದ.

ಅದೇ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು ಅವನ ಹೆಂಡತಿ. ಹೊಸ ಪ್ರಯೋಗಕ್ಕೆಂದು ಅವಳು ಎರಡೂ ಬಗೆಯ ತಟ್ಟೆಗಳನ್ನು ಮೇಲಿನ ಖಾನೆಯಲ್ಲೇ ಇಟ್ಟಳು. ಘನ ಉದ್ದೇಶವೇನೂ ಇರಲಿಲ್ಲ, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು, ಅಷ್ಟೆ. ನೋಡಿದರೆ ಎರಡರಲ್ಲೂ ಪೊಟ್ಟಣಗಳು ಕಿಕ್ಕಿರಿದಿದ್ದವು. ಅನುಮಾನ ಬಂದು ಕೆಳಗಿನ ಖಾನೆಗೆ ಥರ್ಮಾಮೀಟರು ಇಟ್ಟಳು. ಮೈಬಿಸಿ ಇರಬೇಕಾದಲ್ಲಿ ತಣ್ಣಗಿತ್ತು. ಬಾಗಿಲಿನ ರಬ್ಬರು ಸವೆದು ಯಾವ ಕಾಲವಾಗಿತ್ತೋ. ಅಷ್ಟು ತಂಪಿನಲ್ಲಿ ಎಂಥ ಕೋಶದಲ್ಲೂ ಹಾರ್ಮೋನು ಆ ಜಾಗ ಬಿಟ್ಟು ಕದಲುವುದಿಲ್ಲ. ಇದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂದರೆ ಗಂಡನ ತಟ್ಟೆಗಳಲ್ಲಿ ಹಾರ್ಮೋನು ಸಿಕ್ಕಿಬಿದ್ದದ್ದು ತಂಪಿಗೆ, ಪ್ರೋಟೀನು ಇಲ್ಲದ್ದಕ್ಕಲ್ಲ.

ಊಟಕ್ಕೆ ಕೂತಾಗ ಹೇಳಿದಳು. ಗಂಡನ ತುತ್ತು ಕೈಯಲ್ಲೇ ಉಳಿಯಿತು. ಏನಾಯ್ತೋ ಎಂದು ಅತ್ತೆ ಕೇಳಿದರೆ ಏನಿಲ್ಲಮ್ಮ ಅಂದ. ಅವರು ಎದ್ದು ಹೋದ ಮೇಲೆ ದನಿ ತಗ್ಗಿಸಿದ.

"ವಿಭಾಗದ ಮುಖ್ಯಸ್ಥನ ಆಯ್ಕೆ ಮುಗೀಲಿ. ಆಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ. ಅಲ್ಲೀತನಕ ಸುಮ್ನಿರು."

ನಂಬಿದಳೆಂದಲ್ಲ, ಮನೆ ನೆಮ್ಮದಿಯಾಗಿರಲಿ ಎಂದು ಒಪ್ಪಿದಳು. ಮಾರನೆಯ ವಾರವೇ ಹಳೆಯ ಇನ್‌ಕ್ಯುಬೇಟರು ಗುಜರಿ ಸೇರಿತು. ಅವಳಿಗೆ ಒಂದು ಮಾತು ಹೇಳುವ ಸೌಜನ್ಯವೂ ಅವನಿಗಿರಲಿಲ್ಲ.

ಆಯ್ಕೆ ಸಮಿತಿಯ ಮುಂದೆ ಗಂಡನ ಉಪನ್ಯಾಸ. ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದಳು. ಎರಡೂ ಬಗೆಯ ಕೋಶಗಳಲ್ಲಿ ಪೊಟ್ಟಣ ಕಂಡ ಮೊದಲ ದಿನದ ಹುಮ್ಮಸ್ಸಿನಲ್ಲಿ ಅವಳು ಕಾರಿಡಾರಿನ ಬೋರ್ಡಿಗೆ ಅಂಟಿಸಿದ್ದ ಸೂಕ್ಷ್ಮದರ್ಶಕದ ಚಿತ್ರ ಅಲ್ಲೇ ಉಳಿದಿತ್ತು. ಸಮಿತಿಯ ಹಿರಿಯರೊಬ್ಬರು ಅದನ್ನು ನೋಡಿಕೊಂಡೇ ಒಳಗೆ ಬಂದಿದ್ದರು. ಪ್ರೋಟೀನು ಇಲ್ಲದ ಕೋಶದಲ್ಲೂ ಪೊಟ್ಟಣಗಳಿವೆಯಲ್ಲ, ಅದು ಹೇಗೆ ಎಂದು ಕೇಳಿದರು.

ಗಂಡ ನಕ್ಕ. "ಅದು ನನ್ನ ಹೆಂಡತಿ ತೆಗೆದಿದ್ದು. ಅಡುಗೆಗೇ ಎರಡೆರಡು ಸಲ ಉಪ್ಪು ಹಾಕ್ತಾಳೆ. ಯಾವ ತಟ್ಟೆ ಯಾವುದು ಅಂತ ಅವಳಿಗೆಲ್ಲಿ ನೆನಪಿರತ್ತೆ?"

ಸಭೆ ನಕ್ಕಿತು. ಅವಳೂ ನಕ್ಕಳು, ಅಷ್ಟು ವರ್ಷದ ಅಭ್ಯಾಸ. ಆಮೇಲೆ ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡಿರಲು ಒಪ್ಪಿದ್ದಳೇ ಹೊರತು ಕೆಲಸ ಸರಿಯಿಲ್ಲದವಳು ಅನ್ನಿಸಿಕೊಳ್ಳಲು ಒಪ್ಪಿರಲಿಲ್ಲ. ಎದ್ದು ನಿಂತಳು.

"ತಟ್ಟೆ ಅದಲುಬದಲಾಗಿಲ್ಲ ಸರ್. ಕೆಳಗಿನ ಖಾನೆ ತಣ್ಣಗಿತ್ತು. ಅದು ಇವರಿಗೂ ಗೊತ್ತು."

ಈ ಸಲ ಯಾರೂ ನಗಲಿಲ್ಲ.

ಸತ್ಯಕ್ಕಾಗಿ ಗಂಡನನ್ನೇ ಎದುರುಹಾಕಿಕೊಂಡ ಹೆಂಗಸು ಎಂದು ಆಮೇಲೆ ಎಲ್ಲರೂ ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಹೇಸಿಗೆಯಾಗುತ್ತಿತ್ತು. ಗಂಡ ಬೇರೆ ಮನೆ ಮಾಡಿದ್ದ, ಅತ್ತೆಯೂ ಅವನ ಜೊತೆ ಹೋಗಿದ್ದರು. ಆ ಉಪ್ಪಿನ ಮಾತೊಂದು ಬಾರದಿದ್ದರೆ, ಅವನ ಸುಳ್ಳನ್ನು ಕಾಯ್ದುಕೊಂಡು ಅವಳು ಸಾಯುವವರೆಗೂ ಸುಮ್ಮನಿರುತ್ತಿದ್ದಳು.