ಅಪ್ಪನ ವಾಸನೆ

ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕಿಗೆ ಉದ್ದನೆಯ ಕೋಲು ಇಳಿಬಿಟ್ಟು ಎಷ್ಟು ಉಳಿದಿದೆ ಎಂದು ಅಳೆಯುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕೋಲಪ್ಪ. ಕೂದಲು ನರೆಯುವವರೆಗೂ ಅಳೆದವನಿಗೆ ಒಂದೇ ಒಂದು ಸಲ ಕೋಲಿನ ತುದಿ ಒದ್ದೆಯಾಗದೆಯೇ ಮೇಲೆ ಬಂತು. ಲಾರಿ ಬಾರದ ವಾರ ಅದು. ಕೋಲು ಇಳಿಯಿತು, ಇಳಿಯಿತು, ತಳಕ್ಕೆ ಬಡಿದು ಠಣ್ ಎಂದಿತು. ಹೊರಗೆ ಗಾಡಿಗಳ ಸಾಲು ಹಾರನ್ ಬಾರಿಸುತ್ತಿತ್ತು. ಅವನಿಗೆ ಕೇಳಿಸಿದ್ದು ಆ ಠಣ್ ಒಂದೇ.

ಲಾರಿ ಬಂತು, ಜನ ಮರೆತರು. ಕೋಲಪ್ಪ ಮರೆಯಲಿಲ್ಲ. ಈ ಸಲವೇನೋ ಬಂತು. ಭೂಮಿಯ ಹೊಟ್ಟೆಯಲ್ಲಿರುವುದೇ ಇಷ್ಟು, ಅದರ ತಳಕ್ಕೂ ಒಂದು ದಿನ ಕೋಲು ಬಡಿಯಲೇಬೇಕಲ್ಲ? ತಟ್ಟೆಗೆ ಕೈ ಹಾಕಿದರೂ ಠಣ್, ಕಣ್ಣು ಮುಚ್ಚಿದರೂ ಠಣ್. ಅಕ್ಕಿ ಡಬ್ಬಕ್ಕೂ ಕಡ್ಡಿ ಇಳಿಸಿ ನೋಡತೊಡಗಿದ. ಆಮೇಲೆ ಒಂದೊಂದಾಗಿ ಪೆಟ್ರೋಲ್ ಕ್ಯಾನುಗಳು ಮನೆ ಸೇರಿದವು.

"ಏನ್ರೀ ಇದು?" ಎಂದಳು ಹೆಂಡತಿ.

"ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕಾಗುತ್ತೇನೇ? ಎಲ್ಲಾ ಖಾಲಿಯಾದ ದಿನ ಪುಟ್ಟಿಗೇನಾದ್ರೂ ಆದ್ರೆ ಆಸ್ಪತ್ರೆಗೆ ಹೊತ್ಕೊಂಡು ಓಡ್ತೀಯಾ?"

ಪುಟ್ಟಿ ಎಂದರೆ ಮಗಳ ಕೂಸು. ಮಗ್ಗುಲಾಗಲೂ ಇನ್ನೂ ಬಾರದು.

"ನೀವು ಬಾವಿ ತೋಡ್ತಿಲ್ಲ, ಬೆಂಕೀನೇ ತಂದು ಮನೇಲಿ ಕೂರಿಸ್ತಿದೀರಿ," ಎಂದಳು ಅವಳು.

ತಾಯಿಯಿಂದ ವಿಷಯ ತಿಳಿದ ಮಗಳು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಪ್ಪ, ಆ ಕ್ಯಾನುಗಳು ಹೋದ್ರೆ ಮಾತ್ರ ನಾನು ಪುಟ್ಟೀನ ಕರ್ಕೊಂಡ್ ಬರೋದು." ಮೊಮ್ಮಗಳ ಮುಖ ನೋಡದೆ ಇರುವುದುಂಟೇ? ಅಕ್ಕಪಕ್ಕದವರ ಗಾಡಿಗಳಿಗೆಲ್ಲ ಸುರಿದು ಬಂದ. ಎರಡನ್ನು ಮಾತ್ರ, ಯಾರಿಗೂ ಹೇಳದೆ, ಒಳಕೋಣೆಯ ಮಂಚದಡಿ ಟ್ರಂಕಿನ ಹಿಂದೆ ತಳ್ಳಿದ. ಮಂಡಿಯೂರಿ ಚೆನ್ನಾಗಿ ಮೂಸಿ ನೋಡಿದ. ವಾಸನೆಯೇನೂ ತಟ್ಟಲಿಲ್ಲ. ತಟ್ಟುವುದಾದರೂ ಹೇಗೆ? ಆ ಮೂಗು ಬಂಕಿನಲ್ಲೇ ಸತ್ತು ಎಷ್ಟೋ ಕಾಲವಾಗಿತ್ತು. ಪಾಪ, ಅದು ಅವನಿಗೇ ಗೊತ್ತಿರಲಿಲ್ಲ.

ಮಗಳು ಬಂದಳು. ಹೊಸ್ತಿಲು ದಾಟುತ್ತಲೇ ಉಸಿರೆಳೆದುಕೊಂಡು ನಕ್ಕಳು. "ಅಮ್ಮಾ, ಈ ಮನೆಗೆ ಕಾಲಿಟ್ರೆ ಸಾಕು, ಅಪ್ಪನ ವಾಸನೆ!"

"ನಂಗಂತೂ ಅಭ್ಯಾಸ ಆಗೋಗಿದೆ ಕಣೆ. ಅವರ ಬಟ್ಟೆ ಎಷ್ಟು ಒಗೆದ್ರೂ ಅಷ್ಟೇ," ಎಂದಳು ತಾಯಿ.

ಕೋಲಪ್ಪನೂ ನಕ್ಕ. ಮಗಳು ಹುಟ್ಟಿದಾಗಿನಿಂದ ಅವಳನ್ನು ಎತ್ತಿಕೊಂಡ ಅಂಗಿಯ ವಾಸನೆ ಅದು. ಅವಳು ಅನುಮಾನಪಡುವುದಾದರೂ ಯಾಕೆ? ನೆಲ ತಂಪೆಂದು ಕೂಸಿಗೆ ಒಳಕೋಣೆಯ ಮಂಚದ ಪಕ್ಕ ನೆಲದ ಮೇಲೇ ಹಾಸಿದರು. ಸೆಕೆಯ ಮಧ್ಯಾಹ್ನ, ಬಾಗಿಲು ಮುಂದಕ್ಕೆ ಮಾಡಿ ಮೂವರೂ ಹೊರಗೆ ಹರಟುತ್ತ ಕೂತರು.

"ಎಷ್ಟು ಚೆನ್ನಾಗಿ ಮಲಗಿದಾಳೆ ನೋಡಿ," ಎಂದಳು ಅಜ್ಜಿ. ಹಾಲು ಕುಡಿಸಲು ಎತ್ತಿದಾಗ ಕೂಸಿನ ಕತ್ತು ವಾಲಿತು. ತುಟಿಯಂಚಿನಲ್ಲಿ ಕಕ್ಕಿದ ಹಾಲು. ಕರೆದರೆ ಕಣ್ಣು ಬಿಡಲಿಲ್ಲ. ಕೋಲಪ್ಪ ಕೂಸನ್ನು ಹೊತ್ತುಕೊಂಡು ಬೀದಿಗೆ ಓಡಿದ.

ಬೀದಿಯಲ್ಲಿ ಆಟೋ ಇತ್ತು. ಅದರಲ್ಲಿ ಪೆಟ್ರೋಲೂ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಅಂಗಿಯನ್ನು ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಈ ಮಗು ಎಲ್ಲಿ ಮಲಗಿತ್ತು? ಇಷ್ಟು ಪೆಟ್ರೋಲ್ ವಾಸನೆ! ಅದರ ಆವಿ ನೆಲದ ಮಟ್ಟದಲ್ಲೇ ನಿಲ್ಲುತ್ತೆ. ನಿಮ್ಮಲ್ಲಿ ಒಬ್ಬರಿಗೂ ಬರ್ಲಿಲ್ವಾ?"

ಮಗಳು ತಿರುಗಿ ಅಪ್ಪನನ್ನು ನೋಡಿದಳು.

"ಇವಳಿಗೋಸ್ಕರಾನೇ ಕಣಮ್ಮಾ ಇಟ್ಟಿದ್ದು," ಎಂದ.

"ಗೊತ್ತಪ್ಪ," ಎಂದಳು. ಆ ಮಾತಿಗಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ಹಗುರವಾಗುತ್ತಿತ್ತು.

ಕೂಸು ಉಳಿಯಿತು. ಮನೆಗೆ ಬಂದು, ಕ್ಯಾನು ಹೊರಹಾಕಿ, ನೆಲ ತಿಕ್ಕಿ, ಕಿಟಕಿಗಳನ್ನೆಲ್ಲ ತೆರೆದಿಟ್ಟ ಮೇಲೆ ಅಜ್ಜಿ ಪುಟ್ಟಿಗೆ ಎಣ್ಣೆ ಹಚ್ಚಿ ಮೀಯಿಸಿದಳು. ನೆತ್ತಿ ಮೂಸಿ ಅತ್ತೇಬಿಟ್ಟಳು. "ಹೋಯ್ತು ಕಣೆ ಆ ವಾಸನೆ. ಹಾಲಿನ ವಾಸನೆ ಬರ್ತಿದೆ ನೋಡು."

ಮಗಳೂ ಮೂಸಿದಳು. ಏನನಿಸಿತೋ, ಕೂಸನ್ನು ಅಪ್ಪನ ಕೈಗಿಟ್ಟಳು. ಕೋಲಪ್ಪ ಬಗ್ಗಿ ಮೊಮ್ಮಗಳ ನೆತ್ತಿಗೆ ಮೂಗು ಒತ್ತಿ ಎದೆ ತುಂಬ ಉಸಿರೆಳೆದ. ಇನ್ನೂ ಆಳಕ್ಕೆಳೆದ. ಏನೂ ಸಿಗಲಿಲ್ಲ. ಒಳಗೆಲ್ಲೋ ಠಣ್ ಎಂದಿತು.

"ಬರ್ತಿದೆ ಅಲ್ವಾಪ್ಪ?"

"ಹೂಂ, ಬರ್ತಿದೆ."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕೂಸನ್ನು ವಾಪಸು ಎತ್ತಿಕೊಂಡಳು.