ಐದು ಮೂವತ್ತೈದು ಹಗಲೋ ರಾತ್ರಿಯೋ

ಚನ್ನವೀರಪ್ಪನವರ ಅರ್ಜಿಗೆ ಮೊಹರು ಹಾಕಿ ಒಳಗೆ ತೆಗೆದುಕೊಂಡವಳು ನಾನೇ. ವಾರ್ಡ್ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಬೈಗುಳದ ಅರ್ಜಿ, ಅಳುವ ಅರ್ಜಿ, ದೇವರ ಹೆಸರಲ್ಲಿ ಶಾಪ ಹಾಕುವ ಅರ್ಜಿ, ಎಲ್ಲವನ್ನೂ ನೋಡಿದ್ದೇನೆ. ಇಷ್ಟು ಚೊಕ್ಕಟವಾದದ್ದನ್ನು ಮಾತ್ರ ನೋಡಿರಲಿಲ್ಲ.

ಚನ್ನವೀರಪ್ಪನವರು ನಿವೃತ್ತ ಸಬ್ ರಿಜಿಸ್ಟ್ರಾರ್, ಬಸವೇಶ್ವರನಗರದ ನಮ್ಮ ಪಾರ್ಕಿನ ಬಳಕೆದಾರರ ಸಂಘದ ಅಧ್ಯಕ್ಷರು. ಮೂವತ್ತು ವರ್ಷ ಕ್ರಯಪತ್ರ ಓದಿ ಓದಿ, ಒಂದು ವಾಕ್ಯದಲ್ಲಿ ಎಲ್ಲಿ ಸಂದಿ ಇದೆ, ಅದರಲ್ಲಿ ಯಾರು ನುಸುಳಬಹುದು ಎಂದು ನೋಡುವುದೇ ಅವರ ಕಣ್ಣಿನ ಕಸುಬಾಗಿಬಿಟ್ಟಿತ್ತು. ಅರ್ಜಿ ಪಾರ್ಕಿನ ಎದುರಿಗೆ ಹೊಸದಾಗಿ ಶುರುವಾದ ಪಬ್ಬಿನ ಮೇಲೆ. ಮೂರನೇ ಮಹಡಿಯ ತೆರೆದ ತಾರಸಿಯಲ್ಲಿ ಸ್ಪೀಕರು, ರಾತ್ರಿ ಹನ್ನೆರಡೂವರೆವರೆಗೆ ಹಾಡು, ಆಮೇಲೆ ಕೆಳಗಿಳಿದವರ ಕೇಕೆ, ಬೈಕುಗಳ ಸದ್ದು, ಒಂದು ಗಂಟೆಯಾಗುತ್ತಿತ್ತು. ಅರ್ಜಿಯ ಕೊನೆಯ ಸಾಲು ಹೀಗಿತ್ತು: ‘ರಾತ್ರಿ ವೇಳೆಯ ಶಬ್ದ ನಿಯಮವನ್ನು ಉದ್ಯಾನವನದ ಸುತ್ತ ನೂರು ಮೀಟರ್ ವ್ಯಾಪ್ತಿಯಲ್ಲಿ ಯಾರಿಗೂ, ಯಾವ ಕಾರಣಕ್ಕೂ ವಿನಾಯಿತಿ ನೀಡದೆ ಜಾರಿಗೊಳಿಸತಕ್ಕದ್ದು.’ ‘ಯಾರಿಗೂ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದಿದ್ದರು.

“ಈ ಪದಾನ ಆರ್ಡರ್‌ನಾಗೂ ಹಂಗೇ ಇಟ್ಕೋರಿ ಮೇಡಂ. ಇಲ್ಲಾಂದ್ರ ಅವನು ಲಾಯರ್ ಕರ್ಕೊಂಡು ಬಂದು ನುಸುಳ್ತಾನ” ಎಂದರು.

ಅದೇ ದಿನ ನನ್ನ ಮೇಜಿನ ಮೇಲೆ ಅದೇ ಪಾರ್ಕಿನ ಇನ್ನೊಂದು ಕಡತವೂ ಇತ್ತು: ಅಭಿವೃದ್ಧಿ ಕಾಮಗಾರಿ. ವಾಕಿಂಗ್ ಪಾತ್ ಮುಗಿದಿತ್ತು, ಓಪನ್ ಜಿಮ್ ಮುಗಿದಿತ್ತು. ಸಂಘದವರು ಕೇಳಿದ್ದ ಮಂಟಪವೂ ಎದ್ದು ನಿಂತಿತ್ತು. ಅದನ್ನು ಕೇಳಿದ್ದು ನಗೆಕೂಟಕ್ಕಾಗಿ. ಇಪ್ಪತ್ತು ಇಪ್ಪತ್ತೆರಡು ಹಿರಿಯರು ದಿನಾ ಬೆಳಗಿನ ಜಾವ ಐದೂವರೆಗೆ ಸೇರಿ, ಕೈ ಮೇಲೆತ್ತಿ, ಹೊಟ್ಟೆಯಿಂದ ಹಹ್ಹಹ್ಹ ಎಂದು ನಗುವ ಕೂಟ. ಮೊದಲು ಪಾರ್ಕಿನ ನಡುವೆ ಹೊಂಗೆ ಮರದಡಿ ನಗುತ್ತಿದ್ದರು. ಈಗ ಮಂಟಪ ಬಂದದ್ದು ಪಾರ್ಕಿನ ಮೂಲೆಗೆ, ತಗಡಿನ ಗುಮ್ಮಟದೊಂದಿಗೆ. ಆ ಗುಮ್ಮಟದ ಕೆಳಗೆ ಒಬ್ಬರು ಕೆಮ್ಮಿದರೆ ಹತ್ತು ಜನ ಕೆಮ್ಮಿದಂತೆ ಕೇಳುತ್ತದೆ. ನಮ್ಮ ಸಹಾಯಕ ಇಂಜಿನಿಯರ್ ಶಿವಕಿರಣ್ ಅದರ ಗಟ್ಟಿತನ ನೋಡಿದರೇ ಹೊರತು ಸದ್ದನ್ನು ಯೋಚಿಸಲಿಲ್ಲ. ಮೂಲೆಯ ಕಾಂಪೌಂಡಿನಿಂದ ಹತ್ತಡಿ ದೂರದಲ್ಲಿ ಕುಸುಮಾಳ ಮನೆ.

ಕುಸುಮಾ ಶಾಲಾ ವ್ಯಾನ್ ಓಡಿಸುವವಳು. ಹನ್ನೊಂದು ಮಕ್ಕಳು, ಅವರಲ್ಲಿ ಒಬ್ಬಳು ಅವಳದೇ ಮಗಳು ಸ್ಪಂದನ. ಆರು ಮುಕ್ಕಾಲಿಗೆ ವ್ಯಾನ್ ಹೊರಟರೆ ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಯ ಶಾಲೆಗೆ ಎಂಟಕ್ಕೆ ತಲುಪಿಸಬೇಕು. ಗಂಡ ಮೋಹನ್ ಕುಮಾರನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಪಬ್ಬಿಗೂ ಹತ್ತಿರದ ಮನೆ ಅವಳದೇ ಆದ್ದರಿಂದ ಅವಳ ಹೇಳಿಕೆ ಬೇಕಿತ್ತು. ಕಚೇರಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

“ಒಂದು ಗಂಟೆಗೆ ಅವ್ರು ನಿಲ್ಲಿಸ್ತಾರೆ ಮೇಡಂ. ಐದೂವರೆಗೆ ಇವ್ರು ಶುರು ಮಾಡ್ತಾರೆ. ಮಧ್ಯದಲ್ಲಿ ಎಷ್ಟು ಸಿಗುತ್ತೋ ಅಷ್ಟೇ ನನ್ನ ನಿದ್ದೆ.”

“ಇವ್ರು ಅಂದ್ರೆ?”

“ನಗೆಕೂಟದವ್ರು. ಅದನ್ನ ಬರೀಬೇಡಿ, ಪ್ಲೀಸ್. ಮುಂದೆ ನಿಂತು ನಗ್ಸೋರು ನಮ್ಮ ಮಾವನೇ.”

ಆಮೇಲೆ ದನಿ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದಳು. ಅದನ್ನೂ ಬರೆಯಬೇಡಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದಳು. ನಾನು ಬರೆಯಲಿಲ್ಲ. ಕೇಳಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ, ಅಷ್ಟೇ.

ಪಬ್ಬಿನ ಕೆಲಸ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಆಯಿತು. ಪೊಲೀಸ್ ಠಾಣೆಯಿಂದ ಶಬ್ದ ಅಳೆಯುವ ಮೀಟರ್ ಎರವಲು ತಂದು, ಕುಸುಮಾಳ ಮಹಡಿಯ ಕಿಟಕಿಯಲ್ಲಿ ಇಟ್ಟು ನೋಡಿದರೆ ಅರವತ್ತಾರು ಡೆಸಿಬೆಲ್. ರಾತ್ರಿಯ ಮಿತಿ ನಲವತ್ತೈದು. ಪಬ್ಬಿನ ಮ್ಯಾನೇಜರ್ ರೇವಂತ್ ಇಪ್ಪತ್ತೇಳರ ಹುಡುಗ, ಮಾತಿನಲ್ಲಿ ನಯ. ಲೈಸೆನ್ಸ್ ನವೀಕರಣ ಹತ್ತಿರ ಬಂದಿತ್ತು, ಒಪ್ಪಿಕೊಂಡ. ಹತ್ತಕ್ಕೆ ತಾರಸಿಯ ಸ್ಪೀಕರ್ ಬಂದ್, ಗಿರಾಕಿಗಳೆಲ್ಲ ಗಾಜಿನ ಬಾಗಿಲ ಒಳಗೆ, ಬೀದಿಯಲ್ಲಿ ಕೇಕೆ ಹಾಕದಂತೆ ನೋಡಿಕೊಳ್ಳಲು ಇಬ್ಬರು ಗಾರ್ಡು. ಒಂದು ವಾರ ಹಾಗೇ ನಡೆಸಿಯೂ ತೋರಿಸಿದ. ಚನ್ನವೀರಪ್ಪನವರು ಕಚೇರಿಗೆ ಮೈಸೂರು ಪಾಕ್ ತಂದರು.

ಎಂಟನೇ ದಿನ ರೇವಂತ್ ಒಂದು ಅರ್ಜಿ ಹಿಡಿದು ಬಂದ. ಮೊದಲ ಅರ್ಜಿಯ ಕೊನೆಯ ಸಾಲನ್ನು ಅಕ್ಷರ ಬಿಡದೆ ನಕಲು ಮಾಡಿದ್ದ. ‘ಯಾರಿಗೂ’ ಎಂಬುದರ ಕೆಳಗೆ ಅವನೂ ಕೆಂಪು ಗೆರೆ ಎಳೆದಿದ್ದ. ಜೊತೆಗೆ ನಿಯಮದ ಪ್ರತಿ: ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು.

“ನಗೆಕೂಟ ಐದೂವರೆಗೆ ಸಾರ್. ರೂಲ್ ಪ್ರಕಾರ ಅದು ರಾತ್ರಿ. ಅವ್ರಿಗೂ ಅಳತೆ ಮಾಡಿ” ಎಂದ ಶಿವಕಿರಣ್‌ಗೆ. “ಅವ್ರಿಗೂ ಅಪ್ಲೈ ಆದ್ರೆ ನಾನೂ ಹತ್ತಕ್ಕೆ ಬಂದ್ ಮಾಡ್ತೀನಿ. ಇಲ್ಲಾಂದ್ರೆ ಕೋರ್ಟಿಂದ ಸ್ಟೇ ತರ್ತೀನಿ, ಸ್ಪೀಕರ್ ಮತ್ತೆ ಆನ್.”

ಶಿವಕಿರಣ್ ತಲೆ ಮೇಲೆ ಕೈ ಹೊತ್ತರು. ನನಗೆ ನಗು ಬಂತು, ಕಡತದಿಂದ ಮುಖ ಮುಚ್ಚಿಕೊಂಡೆ. ಚನ್ನವೀರಪ್ಪನವರು ಸಂದು ಮುಚ್ಚುವ ಭರದಲ್ಲಿ ತಮ್ಮದೇ ಕಾಲನ್ನು ಬಾಗಿಲಿಗೆ ಕೊಟ್ಟಿದ್ದರು.

ಹೀಗೆ ಒಂದು ಗುರುವಾರ ಐದೂಕಾಲಿಗೆ ಶಿವಕಿರಣ್, ನಾನು, ರೇವಂತ್ ಮೂವರೂ ಕುಸುಮಾಳ ಮಹಡಿಯ ಕೋಣೆಯಲ್ಲಿದ್ದೆವು. ರೇವಂತ್ ಪಬ್ಬು ಮುಚ್ಚಿದ ಮೇಲೆ ಮಲಗದೆ ಬಂದಿದ್ದ, ಗೋಡೆಗೊರಗಿ ಆಕಳಿಸುತ್ತಿದ್ದ. ಕುಸುಮಾ ಹಾಸಿಗೆ ಮಡಚಿ ನಮಗೆ ಜಾಗ ಮಾಡಿಕೊಟ್ಟಳು. ಸರ್ಕಾರ ಅವಳ ನಿದ್ದೆ ಅಳೆಯಲು ಬಂದು ಇದ್ದ ನಿದ್ದೆಯನ್ನೂ ಕೆಡಿಸಿತ್ತು, ನನಗೆ ನಾಚಿಕೆಯಾಯಿತು.

ಕೆಳಗೆ ಮಂಟಪದಲ್ಲಿ ಹಿರಿಯರು ಸೇರಿದರು. ಚನ್ನವೀರಪ್ಪನವರು ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದುದು ಕಿಟಕಿಯವರೆಗೂ ಕೇಳಿಸಿತು. “ಮ್ಯಾಲೆ ಮೀಟರ್ ಇಟ್ಟಾರ. ಇವತ್ತು ಮೆಲ್ಲಕ ನಗ್ರಿ.”

ಮುಂದೆ ನಿಂತಿದ್ದವರು ತಿಮ್ಮಯ್ಯ, ಕುಸುಮಾಳ ಮಾವ. ಎಪ್ಪತ್ತೆರಡು ವಯಸ್ಸು, ದಪ್ಪ ಬಿಳಿ ಮೀಸೆ. ಈ ಬಡಾವಣೆ ಬರುವ ಮುಂಚೆ ಇಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ ಅವರದು. ಅವರು ಕೈ ಮೇಲೆತ್ತಿದರು. ಎಲ್ಲರೂ ಎತ್ತಿದರು. ಬಾಯಿ ಅಗಲವಾಗಿ ತೆರೆದು, ದನಿ ಹೊರಬರದಂತೆ ಹ್, ಹ್, ಹ್ ಎಂದು ಉಸಿರು ಬಿಟ್ಟರು. ಮೀಟರು ನಲವತ್ತಮೂರರಲ್ಲಿ ನಿಂತಿತ್ತು. ರೇವಂತನ ಆಕಳಿಕೆ ನಿಂತುಹೋಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರಿಗೋ ತಡೆಯಲಾಗದೆ ಮೂಗಿನಿಂದ ಕಿಸಕ್ ಎಂದಿತು. ಪಕ್ಕದವರಿಗೂ ಹತ್ತಿತು. ಇನ್ನೊಬ್ಬರು ಹೊಟ್ಟೆ ಹಿಡಿದು ಬಗ್ಗಿದರು. ವರ್ಷಗಟ್ಟಲೆ ವ್ಯಾಯಾಮಕ್ಕೆಂದು ನಕ್ಕವರಿಗೆ ಅಂದು ನಿಜವಾದ ನಗು ಬಂದುಬಿಟ್ಟಿತ್ತು. ತಿಮ್ಮಯ್ಯನವರಂತೂ ಕಣ್ಣೀರು ಸುರಿಸಿಕೊಂಡು ಮಂಟಪದ ಕಂಬ ತಬ್ಬಿ ನಕ್ಕರು. ತಗಡಿನ ಗುಮ್ಮಟ ಗುಡುಗಿತು. ಚನ್ನವೀರಪ್ಪನವರು “ಶ್ ಶ್” ಎನ್ನುತ್ತಲೇ ತಾವೂ ನಕ್ಕರು. ಎಪ್ಪತ್ತೊಂದು ಡೆಸಿಬೆಲ್. ಸಮಯ ಐದು ಮೂವತ್ತೈದು.

ಅಳತೆಯ ನಮೂನೆಗೆ ಮನೆಯ ಖಾತೆದಾರರ ಸಹಿ ಬೇಕು. ಖಾತೆ ತಿಮ್ಮಯ್ಯನವರ ಹೆಸರಲ್ಲಿತ್ತು. ಅವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಮೇಲೆ ಬಂದರು, ಹಿಂದೆಯೇ ಚನ್ನವೀರಪ್ಪನವರು. ಇಬ್ಬರ ಮುಖದಲ್ಲೂ ನಗು ಇನ್ನೂ ಆರಿರಲಿಲ್ಲ. ನಾನು ನಮೂನೆ ಬಿಡಿಸಿಟ್ಟೆ. ಅದರಲ್ಲಿ ವೇಳೆಗೆ ಎರಡೇ ಕಾಲಂ: ಹಗಲು, ರಾತ್ರಿ.

“ಐದೂವರೆಗೆ ಯಾರ್ರೀ ರಾತ್ರಿ ಅಂತಾರ?” ಎಂದರು ಚನ್ನವೀರಪ್ಪ. “ಅದಕ್ಕ ಬೆಳಗಿನ ಜಾವ ಅಂತಾರ. ನಮ್ಮ ಭಾಷೆಯೊಳಗ ಅದಕ್ಕೊಂದು ಹೆಸರೇ ಐತಿ.”

“ರೂಲಲ್ಲಿ ಜಾವ ಇಲ್ಲ ಸಾರ್” ಎಂದ ರೇವಂತ್.

ಶಿವಕಿರಣ್ ನನ್ನ ಕಿವಿಯ ಹತ್ತಿರ ಬಗ್ಗಿದರು. ಮುಂದಿನ ವಾರ ಮಂಟಪದ ಉದ್ಘಾಟನೆ, ಕಾರ್ಡು ಹಂಚಿಯಾಗಿತ್ತು. “ಮೇಡಂ, ರೌಂಡ್ ಮಾಡಿ ಆರು ಅಂತ ಹಾಕ್ಬಿಡಿ. ಹಗಲಿಗೆ ಟಿಕ್ ಮಾಡಿ. ಪಬ್ಬಿಂದು ಆಮೇಲೆ ನೋಡ್ಕೊಳೋಣ.”

ಸುಳ್ಳೇಕೆ, ಇಪ್ಪತ್ತೈದು ನಿಮಿಷವನ್ನು ಅತ್ತಿತ್ತ ಮಾಡುವುದು ನನಗೆ ಹೊಸದಲ್ಲ. ಆದರೆ ಹಗಲಿಗೆ ಟಿಕ್ ಬಿದ್ದರೆ ಏನಾಗುತ್ತದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರೇವಂತ್ ಸ್ಟೇ ತರುತ್ತಾನೆ, ಸ್ಪೀಕರು ತಾರಸಿಗೆ ವಾಪಸ್ ಬರುತ್ತದೆ, ಕುಸುಮಾ ಮತ್ತೆ ನಾಲ್ಕೂವರೆ ಗಂಟೆಯ ನಿದ್ದೆಯಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಾಳೆ. ನನ್ನ ಪೆನ್ನು ಎರಡು ಕಾಲಂಗಳ ನಡುವಿನ ಗೆರೆಯ ಮೇಲೇ ನಿಂತಿತು.

“ಬರೀರಿ ತಾಯಿ, ಹಗಲು ಅಂತ” ಎಂದರು ತಿಮ್ಮಯ್ಯ. “ನಾಲ್ಕಕ್ಕೆ ಎದ್ದು ಸೊಪ್ಪು ಕಿತ್ತು ಮಾರ್ಕೆಟ್ಟಿಗೆ ಹಾಕ್ತಿದ್ದೋರು ನಾವು. ಐದೂವರೆ ನಮ್ಗೆ ರಾತ್ರಿ ಆಗುತ್ತಾ? ಆರಕ್ಕೆ ಸೇರಿ ಅಂದ್ರೆ ಯಾರು ಬರ್ತಾರೆ? ಎಲ್ರಿಗೂ ಮನೇಲಿ ಹಾಲು, ಮೊಮ್ಮಕ್ಕಳ ಸ್ಕೂಲು. ಕೂಟ ಮುರಿದೇ ಹೋಗುತ್ತೆ. ಅದೊಂದು ಗಂಟೆ ಬಿಟ್ರೆ ನಮ್ಗಿನ್ನೇನಿದೆ ಹೇಳಿ? ಕೊಡಿ, ಸೈನ್ ಹಾಕ್ತೀನಿ.”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟವಾಗಿತ್ತು. ಕುಸುಮಾ ನನ್ನನ್ನು ನೋಡಿದಳು. ನಾನು ಹೇಳಲೇ ಎಂದು ಒಂದು ಕ್ಷಣ ಬಾಯಿಗೆ ಬಂತು. ಮಾತು ಕೊಟ್ಟಿದ್ದೆ, ನುಂಗಿಕೊಂಡೆ.

“ಮಾವ” ಎಂದಳು ಕುಸುಮಾ. “ಹೋದ ತಿಂಗಳು ನಾಯಂಡಹಳ್ಳಿ ಸಿಗ್ನಲ್ಲಲ್ಲಿ ನಾನು ನಿದ್ದೆ ಹೋಗ್ಬಿಟ್ಟಿದ್ದೆ.”

ತಿಮ್ಮಯ್ಯ ಟವೆಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. “ವ್ಯಾನ್ ಓಡಿಸ್ತಿದ್ದಾಗ್ಲಾ?”

“ಹೂಂ. ಕಾಲು ಬ್ರೇಕಿಂದ ಜಾರಿದ್ದೇ ಗೊತ್ತಾಗಿಲ್ಲ. ವ್ಯಾನು ತಾನಾಗೇ ಮುಂದೆ ಉರುಳ್ಕೊಂಡು ಹೋಗಿದೆ. ಎದುರಿಗೆ ಬಸ್ಸು ನಿಂತಿತ್ತು. ಎಚ್ಚರ ಆಗಿ ಬ್ರೇಕ್ ಒತ್ತಿದಾಗ ಮಧ್ಯೆ ಒಂದು ಮೊಳ ಜಾಗ ಇತ್ತು ಅಷ್ಟೇ.”

“ಸ್ಪಂದನ?”

“ಮುಂದಿನ ಸೀಟಲ್ಲೇ ಇದ್ಲು. ಅಮ್ಮಾ ಅಂತ ಕಿರುಚಿ ಎಬ್ಬಿಸಿದ್ದೇ ಅವ್ಳು. ಮನೇಲಿ ಹೇಳ್ಬೇಡ ಕಣೇ ಅಂತ ಮಗೂನ ನಾನೇ ಬೇಡ್ಕೊಂಡೆ.”

“ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ವ್ಯಾನ್ ಓಡ್ಸೋದು ಬಿಡು ಅಂತೀರಾ. ನಗೋದು ಬಿಡಿ ಅಂತ ನಾನ್ ಹೆಂಗೆ ಹೇಳ್ಲಿ ನಿಮ್ಗೆ?”

ಒಳಕೋಣೆಯಲ್ಲಿ ಮಗು ಮಗ್ಗುಲು ಬದಲಿಸಿದ್ದು ಕೇಳಿಸಿತು. ಮಕ್ಕಳ ನಿದ್ದೆಯೇ ನಿದ್ದೆ, ಗುಡುಗಿದರೂ ಏಳುವುದಿಲ್ಲ. ತಿಮ್ಮಯ್ಯ ಆ ಬಾಗಿಲನ್ನೇ ನೋಡುತ್ತ ನಿಂತರು. ವ್ಯಾನ್ ಬಿಡು ಎನ್ನುತ್ತಾರೆಂದು ನಾನೂ ಕಾದೆ. ಅವರು ಹಾಗನ್ನಲಿಲ್ಲ. ನಿಧಾನವಾಗಿ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು ನಮೂನೆಯನ್ನು ನೋಡಿದರು.

“ಎರಡೇ ಕಾಲಂ ಏನ್ ತಾಯಿ ಇರೋದು?”

“ಎರಡೇ.”

“ಹಂಗಾದ್ರೆ ರಾತ್ರಿ ಅಂತ ಬರೀರಿ. ನಮ್ಗೆ ಬೆಳಗಾಗಿತ್ತು. ಅವ್ಳಿಗಿನ್ನೂ ರಾತ್ರಿನೇ.”

ಚನ್ನವೀರಪ್ಪನವರು ಏನೋ ಹೇಳಲು ಬಾಯಿ ತೆರೆದರು. ತಿಮ್ಮಯ್ಯ ಕೈಯೆತ್ತಿ ತಡೆದರು. ನಾನು ಐದು ಮೂವತ್ತೈದು ಎಂದೇ ಬರೆದು ರಾತ್ರಿಗೆ ಟಿಕ್ ಹಾಕಿದೆ. ತಿಮ್ಮಯ್ಯ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಬರೆದು ಮುಗಿಸಿ, ಕನ್ನಡಕ ತೆಗೆದು ಸೊಸೆಯ ಕಡೆ ತಿರುಗಿದರು.

“ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹಾಸ್ಕೊಂಡು ಮಲ್ಕೋ. ತಿಂಡಿ ನಾನು ನೋಡ್ಕೋತೀನಿ, ಆರೂವರೆಗೆ ಎಬ್ಬಿಸ್ತೀನಿ.”

ಕುಸುಮಾ ಮಡಚಿಟ್ಟ ಹಾಸಿಗೆಯನ್ನು ಬಿಡಿಸಿದಳು. ಅಷ್ಟು ಜನರ ಮುಂದೆಯೇ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಹಳೆಯ ನಿದ್ದೆಯೆಲ್ಲ ಬಾಕಿಯಿತ್ತು, ಸಂಕೋಚ ಪಡಲಿಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ತಿಮ್ಮಯ್ಯ ಕಿಟಕಿ ಮುಚ್ಚಿ ದೀಪ ಆರಿಸಿದರು. ಇಂಜಿನಿಯರು, ನಿವೃತ್ತ ಸಬ್ ರಿಜಿಸ್ಟ್ರಾರು, ಪಬ್ಬಿನ ಮ್ಯಾನೇಜರು, ನಾನು, ಎಲ್ಲರೂ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು ಸದ್ದಿಲ್ಲದೆ ಮೆಟ್ಟಿಲಿಳಿದೆವು.