ಕೊಕ್ಕರೆಗಳಿಗೆ ಕೊಟ್ಟ ಮಾತು

ಶೈಲಮ್ಮನವರ ಮನೆಯಲ್ಲಿ ‘ಹೋಗ್ತೀನಿ’ ಎಂಬ ಮಾತಿಗೆ ಜಾಗವಿರಲಿಲ್ಲ. ಮಗಳು ಭೂಮಿಕಾ ಸ್ಕೂಲ್ ಬಸ್ಸು ಹತ್ತುವಾಗಲೂ ಅಷ್ಟೇ, ಎದುರು ಮನೆಗೆ ಆಡಲು ಓಡುವಾಗಲೂ ಅಷ್ಟೇ. “ಹೋಗ್ತೀನಿ ಅನಬಾರ್ದವಾ, ಬರ್ತೀನಿ ಅನಬೇಕು,” ಎಂದು ಧಾರವಾಡದಿಂದ ತಂದ ಪಾಠವನ್ನು ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ಹುಟ್ಟಿದ ಮಗಳ ತಲೆಗೆ ತುಂಬಿದ್ದರು. ಭೂಮಿಕಾಳ ಕನ್ನಡದಲ್ಲಿ ಮುಕ್ಕಾಲು ಭಾಗವನ್ನು ಇಂಗ್ಲಿಷ್ ನುಂಗಿತು, ಇದೊಂದು ಉಳಿಯಿತು. ಹಲ್ಲಿನ ಡಾಕ್ಟರಾಗಿ, ಐವತ್ತರ ಹತ್ತಿರ ಬಂದ ಮೇಲೂ ಎಲ್ಲಿಂದ ಹೊರಟರೂ ಅವಳ ಬಾಯಲ್ಲಿ ತಾನಾಗಿ ‘ಬರ್ತೀನಿ’ ಬಂದುಬಿಡುತ್ತಿತ್ತು. ಆದರೆ ಆ ಪಾಠಕ್ಕೆ ಇನ್ನೊಂದು ಅರ್ಧವಿತ್ತು. ಅದನ್ನು ಹೇಳಿಕೊಡಲು ಯಾರಿಗೂ ನೆನಪಾಗಲಿಲ್ಲ.

ಅಪ್ಪ ತಿಪ್ಪಣ್ಣ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ಕ್ರಿಕೆಟ್ ಬಲ್ಲವನಿಗೆ ಬೇಸ್‌ಬಾಲ್ ಅರ್ಥವಾಗಲು ಹೆಚ್ಚು ಹೊತ್ತು ಬೇಡ, ಅದನ್ನೊಂದು ಆಟವೆಂದು ಒಪ್ಪಲು ಮಾತ್ರ ವರ್ಷಗಳು ಬೇಕು. ತಿಪ್ಪಣ್ಣ ಒಪ್ಪಿದ ಮೇಲೆ ಪೂರ್ತಿ ಒಪ್ಪಿದರು. ಊರಿಗೊಂದು ಸಣ್ಣ ತಂಡವಿತ್ತು, ಹೆರಾನ್ಸ್ ಅಂತ. ಟೋಪಿಯ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಭೂಮಿಕಾ ನಡೆಯಲು ಕಲಿತಾಗಿನಿಂದ ಅಪ್ಪನ ಜೊತೆ ಅವರ ಮೈದಾನದಲ್ಲೇ ಬೆಳೆದಳು. ಬ್ಯಾಟ್ ಹಿಡಿದವನು ಬಂದು ನಿಂತರೆ ಸಾಕು, ತಿಪ್ಪಣ್ಣ ಎದ್ದು ನಿಂತು, “ಹೊಡಿಲೇ, ಕೊಕ್ಕರೀ!” ಎಂದು ಕೂಗುವರು. ಮೊದಲು ಅಕ್ಕಪಕ್ಕದವರು ನಕ್ಕರು. ಆಮೇಲೆ ಅವರೂ ಕೂಗತೊಡಗಿದರು. ಕೊನೆಗೆ ಅರ್ಥ ಗೊತ್ತಿಲ್ಲದ ಇಡೀ ಸ್ಟ್ಯಾಂಡು, ಬಿಯರ್ ಹಿಡಿದ ಐರಿಷ್ ಅಜ್ಜಂದಿರೂ ಸೇರಿ, “ಹೊಡೀಲೇಯ್!” ಎಂದು ಅರಚುವುದು ರೂಢಿಯಾಯಿತು. ಅಪ್ಪನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇರಲಿಲ್ಲ.

ಅಲ್ಲಿ ಮಡಚುವ ಸೀಟುಗಳಿದ್ದವು, ಬಿಟ್ಟರೆ ಮೇಲಕ್ಕೆ ಹೋಗುವಂಥವು. ಅಪ್ಪ ಮೊದಲು ಮಗಳ ಸೀಟು ಕೆಳಗಿಳಿಸುವರು, ಆಮೇಲೆ ತಮ್ಮದು. ಆಮೇಲೆ ಪಕ್ಕದ ಖಾಲಿ ಸೀಟನ್ನೂ ಇಳಿಸಿ ಅದರ ಮೇಲೆ ಕೈಚೀಲ ಇಡುವರು. “ನಿಮ್ಮವ್ವ ಬಂದ್ರ?” ಎನ್ನುವರು. ಅವ್ವ ಒಂದು ದಿನವೂ ಬರಲಿಲ್ಲ. “ಮೂರು ತಾಸು ಕುಂತು ನಾಕು ಮಂದಿ ಓಡೂದು ನೋಡಲಿಕ್ಕೆ ಟಿಕೆಟ್ ಬ್ಯಾರೆ,” ಎಂದು ಶೈಲಮ್ಮ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದರು.

ಏಳನೆಯ ಸರದಿಯ ನಡುವೆ ಆಟ ನಿಲ್ಲಿಸಿ ಜನರೆಲ್ಲ ಎದ್ದು ಮೈ ಮುರಿಯುವುದು ಬೇಸ್‌ಬಾಲಿನ ಪದ್ಧತಿ. ಆಗ ಅಪ್ಪ ಎಡಗಾಲು ಸ್ವಲ್ಪ ಎಳೆದು ಹಾಕುತ್ತ ಶೇಂಗಾ ತರಲು ಹೋಗುವರು. ಭೂಮಿಕಾ ಇನ್ನೂ ಶಾಲೆಯಲ್ಲಿದ್ದಾಗ ಒಂದು ಜುಲೈ ಸಂಜೆ ಹಾಗೇ ಎದ್ದು, “ತಡಿ, ಈಗ ಬಂದೆ,” ಎಂದು ಹೋದವರು ಶೇಂಗಾ ಅಂಗಡಿಯ ಮುಂದಿನ ಸಾಲಿನಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಭೂಮಿಕಾ ಆಟ ಮುಗಿಯುವವರೆಗೂ ಅವರ ಸೀಟನ್ನು ಕೈಯಲ್ಲಿ ಒತ್ತಿ ಹಿಡಿದು ಕಾದಿದ್ದಳು, ಬೇರೆ ಯಾರೂ ಕೂರದಿರಲಿ ಎಂದು. ಅದನ್ನು ನೆನೆದರೆ ಈಗಲೂ ಅವಳ ಅಂಗೈ ಬೆವರುತ್ತದೆ.

ಮರುವರ್ಷ ತಂಡವನ್ನು ಯಾರೋ ಕೊಂಡು ದಕ್ಷಿಣದ ಯಾವುದೋ ಊರಿಗೆ ಒಯ್ದರು. ಕೊನೆಯ ಪಂದ್ಯ ಮುಗಿದ ಮೇಲೆ ಜನ ಅಳುತ್ತ ಹುಲ್ಲು ಕಿತ್ತುಕೊಂಡರು, ಭೂಮಿಕಾ ಏನನ್ನೂ ಕೀಳಲಿಲ್ಲ. ಅಪ್ಪನ ಸೀಟಿನ ಕಡೆ ತಿರುಗಿ, “ಬರ್ತೀನಿ ಅಪ್ಪಾ,” ಎಂದು ಹೇಳಿ ಬಂದಳು. ಮೈದಾನ ಒಡೆದರು. ಅಲ್ಲೊಂದು ಗೋದಾಮು ಎದ್ದಿತು, ಕಿಟಕಿಯಿಲ್ಲದ್ದು, ಸುತ್ತ ಟ್ರಕ್ಕುಗಳು. ಭೂಮಿಕಾ ಬೇರೆ ಯಾವ ತಂಡಕ್ಕೂ ಚಪ್ಪಾಳೆ ತಟ್ಟಲಿಲ್ಲ. ನ್ಯೂಯಾರ್ಕಿನ ದೊಡ್ಡ ತಂಡಗಳ ಟಿಕೆಟ್ಟು ಪುಕ್ಕಟೆ ಸಿಕ್ಕರೂ ಮುಖ ತಿರುಗಿಸಿದಳು. ಹಳೆಯ ಟೋಪಿ ಅವಳ ತಲೆಯಿಂದ ಇಳಿಯಲಿಲ್ಲ. ಮದುವೆಯೂ ಆಗಲಿಲ್ಲ. ಅದಕ್ಕೂ ಕೊಕ್ಕರೆಗಳೇ ಕಾರಣವೆಂದು ಶೈಲಮ್ಮ ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದರು.

ಇಷ್ಟು ವರ್ಷ ಅದು ಬರೀ ಹುಚ್ಚಾಗಿತ್ತು. ಈ ಏಪ್ರಿಲ್‌ನಲ್ಲಿ ಬೇರೆಯೇ ಆಯಿತು.

ತಾಯಿ ಮಗಳು ಈಗ ಇರುವುದು ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ, ಕ್ಲಿನಿಕ್ ಇನ್ನೂ ವುಡ್‌ಬ್ರಿಡ್ಜಿನಲ್ಲಿ. ಒಂದು ಸಂಜೆ ಕ್ಲಿನಿಕ್ ಮುಚ್ಚಿ ಮನೆಗೆಂದು ರೂಟ್ ಒನ್ ಹೆದ್ದಾರಿ ಹಿಡಿದವಳು ಕಣ್ಣು ಬಿಟ್ಟು ನೋಡಿದರೆ ಗೋದಾಮಿನ ಎದುರಿದ್ದಳು. ಯಾವಾಗ ತಿರುಗಿದಳೋ ನೆನಪಿಲ್ಲ. ವಯಸ್ಸಾಯಿತು ಎಂದು ನಕ್ಕು ವಾಪಸಾದಳು. ಮರುವಾರ ಮತ್ತೆ ಹಾಗೇ ಆಯಿತು. ಆಮೇಲೆ ದಿನಾ ಆಗತೊಡಗಿತು. ಕೋಟಿನ ಜೇಬಿನಲ್ಲಿ ಶೇಂಗಾ ಸಿಪ್ಪೆ ಸಿಕ್ಕಿತು, ಇನ್ನೂ ಬೆಚ್ಚಗಿತ್ತು. ಅವಳು ಶೇಂಗಾ ತಿಂದೇ ವರ್ಷಗಳಾಗಿದ್ದವು.

ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಆಸೆಯೂ ಆಯಿತು, ಅದೇ ಕಷ್ಟ. ಸಂಜೆಯಾದರೆ ಕೈಕಾಲು ಅತ್ತ ಎಳೆಯುತ್ತಿದ್ದವು.

ಮೇ ತಿಂಗಳ ಒಂದು ಸಂಜೆ, ಇನ್ನೂ ಬೆಳಕಿರುವಾಗ, ಗೋದಾಮಿನ ಗೋಡೆಯ ಬಳಿ ನಿಂತಿದ್ದ ಅವಳನ್ನು ಯಾರೋ ತೋಳು ಹಿಡಿದು ಜೋರಾಗಿ ಎಳೆದರು. ಬೆನ್ನ ಹಿಂದೆಯೇ ಟ್ರಕ್ಕೊಂದು ಬೀಪ್ ಬೀಪ್ ಎನ್ನುತ್ತ ಹಿಮ್ಮುಖವಾಗಿ ಬಂದು ಗೋಡೆಗೆ ಆತುಕೊಂಡಿತು. ಒಂದು ಗಳಿಗೆ ತಡವಾಗಿದ್ದರೆ ಭೂಮಿಕಾ ಆ ಗೋಡೆಗೂ ಟ್ರಕ್ಕಿಗೂ ನಡುವೆ ಅಪ್ಪಚ್ಚಿಯಾಗುತ್ತಿದ್ದಳು. ಅವಳು ನಿಂತಿದ್ದದ್ದು ಹಿಂದೆ ಅಪ್ಪ ಮಗಳ ಸೀಟುಗಳಿದ್ದ ಜಾಗದಲ್ಲೇ. ಎಳೆದವನು ಅಲ್ಲಿಯ ಕಾವಲುಗಾರ ಸಮೀರ್, ಹೈದರಾಬಾದಿನವನು. ಕಾರಿನವರೆಗೆ ನಡೆಸಿಕೊಂಡು ಬಂದು ನೀರು ಕೊಟ್ಟ. ಇನ್ನೊಮ್ಮೆ ಬರಬೇಡಿ, ಪ್ರತಿ ಸಲ ನಾನು ಇರುವುದಿಲ್ಲ ಎಂದ. ಆಮೇಲೆ ತಲೆ ಕೆರೆದುಕೊಂಡು ಒಂದು ಮಾತು ಕೇಳಿದ. ಈ ಕಡೆ ಸಂಜೆ ಹೊತ್ತು ಗುಂಪೊಂದು ಕೂಗಿದ ಹಾಗೆ ಕೇಳಿಸುತ್ತದೆ, ಸ್ಪ್ಯಾನಿಷ್ ಇರಬೇಕು ಅಂದುಕೊಂಡಿದ್ದೆ, ಸ್ಪ್ಯಾನಿಷ್ ಬಲ್ಲವರು ಅಲ್ಲ ಅಂದರು.

“ಮ್ಯಾಡಮ್, ‘ಹೊಡೀಲೇಯ್’ ಅಂದರೇನು?”

ಭೂಮಿಕಾ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅವ್ವನಿಗೆ ಎಲ್ಲವನ್ನೂ ಹೇಳಿದಳು. ಶೈಲಮ್ಮ ಒಲೆ ಆರಿಸಿದರು.

“ಕಡೀ ಮ್ಯಾಚಿನ ದಿವಸ ಅಲ್ಲಿಂದ ಬರೂ ಮುಂದ ಏನಂದಿ ನೀ?”

“ಏನಿಲ್ಲವಾ. ಯೂಷುವಲ್. ಬರ್ತೀನಿ ಅಪ್ಪಾ ಅಂದೆ.”

ಶೈಲಮ್ಮ ಹಣೆ ಚಚ್ಚಿಕೊಂಡರು. “ಅಯ್ಯ ನನ ಶಿವನ! ಜೀವ ಹೋದ ಜಾಗದಿಂದ ಎದ್ದು ಬರೂ ಮುಂದ ಯಾರರೆ ಬರ್ತೀನಿ ಅಂತಾರೇನ? ಏನೂ ಅನ್ನದ ಸುಮ್ಮ ಎದ್ದು ಬರಬೇಕು!”

“ದಟ್ಸ್ ನಾಟ್ ಫೇರ್! ಅದನ್ನ ಯಾವಾಗ ಹೇಳಿದ್ದಿ ನನಗ?”

ಹೇಳುವ ಸಂದರ್ಭವೇ ಬಂದಿರಲಿಲ್ಲ. ಸತ್ತವರ ಮನೆಗೆ ಹೋಗಿ ಬರುವಷ್ಟು ಬಂಧುಬಳಗ ಈ ದೇಶದಲ್ಲಿ ಎಲ್ಲಿತ್ತು? ಶೈಲಮ್ಮ ರೊಟ್ಟಿಹಿಟ್ಟಿನ ಕೈ ಒರೆಸಿಕೊಂಡು, “ಅವರೂ ‘ಈಗ ಬಂದೆ’ ಅಂತ ಹೇಳಿ ಹ್ವಾದವರು,” ಎಂದರು. “ನೀ ಬರ್ತೀನಿ ಅಂದಿ. ಇಬ್ಬರೂ ಮಾತಿನಾಗ ಸಿಕ್ಕೊಂಡೀರಿ. ನಾಳೆ ನನ್ನ ಕರಕೊಂಡ ನಡಿ.”

ಮರುದಿನ ಭಾನುವಾರ, ಗೋದಾಮಿಗೆ ಟ್ರಕ್ಕುಗಳಿರಲಿಲ್ಲ. ಸಮೀರ್ ಗೇಟು ತೆಗೆದ, ತಾನು ಮಾತ್ರ ಒಳಗೆ ಹೆಜ್ಜೆ ಇಡಲಿಲ್ಲ. ಇಳಕಲ್ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡ ಶೈಲಮ್ಮ ಮಗಳ ಕೈ ಬಿಗಿಯಾಗಿ ಹಿಡಿದಿದ್ದರು. ಡಾಂಬರಿನ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಗಾಳಿಯೇ ಇರಲಿಲ್ಲ, ಆದರೂ ಹುರಿದ ಶೇಂಗಾ ವಾಸನೆ ಬಂತು.

ಆಮೇಲೆ ದೂರದಿಂದ, ಗೋಡೆಯ ಒಳಗಿನಿಂದಲ್ಲ, ನೆಲದ ಕೆಳಗಿನಿಂದ, ಸಾವಿರ ಗಂಟಲುಗಳು ಒಟ್ಟಿಗೆ ಕೂಗಿದವು. “ಹೊಡೀಲೇಯ್!”

ಕೂಗು ನಿಂತಿತು. ಎಲ್ಲರೂ ಎದ್ದು ಮೈ ಮುರಿಯುವ ಸದ್ದು, ಸೀಟುಗಳು ಮೇಲಕ್ಕೆ ಹೋಗುವ ಖಟಖಟ ಸದ್ದು. ಯಾರೋ ಮೆಟ್ಟಿಲು ಏರಿ ಬರುತ್ತಿದ್ದರು. ಎಡಗಾಲು ಸ್ವಲ್ಪ ಎಳೆದು ಹಾಕುವ ಆ ನಡಿಗೆ ಇಬ್ಬರಿಗೂ ಗೊತ್ತು. ಹೆಜ್ಜೆ ಹತ್ತಿರ ಬಂದು ನಿಂತಿತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿ ಏನೂ ಇರಲಿಲ್ಲ. ಭೂಮಿಕಾಳ ಕಾಲು ತಾನಾಗಿ ಮುಂದೆ ಹೋಯಿತು.

ಶೈಲಮ್ಮ ಅವಳನ್ನು ಹಿಂದಕ್ಕೆಳೆದು ತಾವು ಮುಂದೆ ನಿಂತರು. ಸೆರಗು ತಲೆಯ ಮೇಲೆ ಹೊದ್ದುಕೊಂಡರು.

“ಏನ್ರಿ,” ಎಂದರು. ಇಷ್ಟು ವರ್ಷಗಳಲ್ಲಿ ಆ ಪದ ಅವರ ಬಾಯಿಂದ ಬಂದಿರಲಿಲ್ಲ. “ಇಲ್ಲೆ ಕೇಳ್ರಿ. ಈ ಹುಡುಗಿಗೆ ತಿಳಿದಿರಲಿಲ್ಲ, ಅದಕ್ಕ ಹಂಗ ಅಂದಾಳ. ಅಕಿ ಇನ್ನ ಬರೂದಿಲ್ಲ. ನೀವೂ ಕಾಯಬ್ಯಾಡ್ರಿ. ನೀವು…”

ಮುಂದಿನ ಮಾತು ಹೊರಡಲಿಲ್ಲ. ಗಂಡ ಕೆಲಸಕ್ಕೆ ಹೊರಟಾಗ, ಊರಿಗೆ ಹೊರಟಾಗ, ಮೈದಾನಕ್ಕೆ ಹೊರಟಾಗ, ಯಾವಾಗಲೂ ‘ಹೋಗಿ ಬರ್ರಿ’ ಎಂದೇ ಹೇಳಿದ ನಾಲಿಗೆ. ಅದನ್ನು ಅರ್ಧಕ್ಕೆ ಕತ್ತರಿಸುವುದು ಸಣ್ಣ ಕೆಲಸವಲ್ಲ. ಅವರ ಗಲ್ಲದ ಮೇಲೆ ನೀರು ಇಳಿಯಿತು.

“ನೀವು ಹೋಗ್ರಿ,” ಎಂದರು ಶೈಲಮ್ಮ.

ಶೇಂಗಾ ವಾಸನೆ ಹೋಯಿತು. ಅಂಗಳ ಬರೀ ಅಂಗಳವಾಯಿತು. ದೂರದಲ್ಲಿ ಹೆದ್ದಾರಿಯ ಸದ್ದು ಮತ್ತೆ ಕೇಳಿಸಿತು. ಭೂಮಿಕಾ ಟೋಪಿ ತೆಗೆದಳು. ಎದೆಯಲ್ಲಿದ್ದ ಎಳೆತ ನಿಂತಿತ್ತು, ಹಲ್ಲು ಕಿತ್ತ ಜಾಗದ ಹಾಗೆ ಖಾಲಿಯಾಗಿತ್ತು. ಅವಳು ಅತ್ತಳು. ತಾನು ಬದುಕಿ ಉಳಿದೆ ಎಂಬುದೂ ಆಗ ಅವಳಿಗೆ ದುಃಖದ ಸಂಗತಿಯೇ ಆಗಿತ್ತು.

ಇಬ್ಬರೂ ಕಾರಿನ ಕಡೆ ನಡೆದರು. ಸಮೀರ್ ಗೇಟಿನ ಹತ್ತಿರ ತಲೆ ಬಾಗಿಸಿ ನಿಂತಿದ್ದ. ಭೂಮಿಕಾ ಅವ್ವನಿಗೆ ಬಾಗಿಲು ತೆಗೆದಳು. ಶೈಲಮ್ಮ ಒಂದು ಕಾಲು ಒಳಗಿಟ್ಟು, ಸೀರೆಯ ನಿರಿಗೆ ಎತ್ತಿಕೊಂಡು, ಯಾರ ಮನೆಯಿಂದ ಹೊರಟರೂ ತಿರುಗುವ ಹಾಗೆ ಹಿಂತಿರುಗಿದರು.

“ಬರ್ತೀನ್ರಿ,” ಎಂದರು.

ಅಂದ ಕೂಡಲೇ ಅವರ ಕೈ ಬಾಯಿಗೆ ಹೋಯಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಸಮೀರ್ ತಲೆ ಎತ್ತಿದ, ಆಗ ಬಂದ ಸದ್ದು ಅವನಿಗೂ ಕೇಳಿಸಿರಬೇಕು. ಗೋದಾಮಿನ ಗೋಡೆಯ ಬಳಿ, ಬರಿಯ ಡಾಂಬರಿನ ಮೇಲೆ, ಕಣ್ಣಿಗೆ ಕಾಣದ ಒಂದು ಸೀಟು ಕಿರುಗುಟ್ಟುತ್ತ ಕೆಳಗಿಳಿಯಿತು. ಆಮೇಲೆ ಅದರ ಪಕ್ಕದ್ದು. ಸ್ವಲ್ಪ ಹೊತ್ತು ಬಿಟ್ಟು, ಬಹಳ ಮೆಲ್ಲಗೆ, ಮತ್ತೊಂದು.

“ಮೂರು ಯಾಕ?” ಎಂದು ಶೈಲಮ್ಮ ಪಿಸುಗುಟ್ಟಿದರು. “ನೀವು ಇಬ್ಬರ ಅಲ್ಲ ಕುಂದರತಿದ್ದವರು?”

ಭೂಮಿಕಾ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡಳು.

“ಅದು ಮೊದಲಿಂದ ನಿನಗ ಹಿಡಿದಿಟ್ಟಿದ್ದವಾ,” ಎಂದಳು.